ಹಳೆಯ ಪತ್ರಿಕೆಗಳಲ್ಲಿ ‘ವರ್ತಮಾನ’ ಅಂದರೆ ಏನು?

ನೇತ್ರಾವತಿ ತೀರ

ಎಲ್ಲರಿಗೂ ನಮಸ್ಕಾರ. ಜುಲೈ 1ರ ಪತ್ರಿಕಾ ದಿನಕ್ಕೆ ನಮ್ಮ ಶಾಲೆಯಲ್ಲಿ ಮಕ್ಕಳ ಕೈಯಿಂದ ಒಂದು ಭಿತ್ತಿಪತ್ರಿಕೆ ಮಾಡಿಸುತ್ತಾ ಇದ್ದೇನೆ. ‘ಮಂಗಳೂರ ಸಮಾಚಾರ’ ಹೊರಟದ್ದು 1843ರ ಜುಲೈ 1ರಂದು, ಸಂಪಾದಕರು ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಇಷ್ಟನ್ನು ಪ್ರತಿ ವರ್ಷ ಬರೆಸುತ್ತೇವೆ. ಈ ಸಲ ಅದರೊಳಗೆ ಏನೇನು ಬರುತ್ತಿತ್ತು ಅನ್ನುವುದನ್ನೂ ಹಾಕೋಣ ಅಂತ ವಿಭಾಗಗಳ ಹೆಸರನ್ನು ಬೋರ್ಡಿನ ಮೇಲೆ ಬರೆದೆ: ಊರ ವರ್ತಮಾನ, ಸರಕಾರದ ನಿರೂಪಗಳು, ಸರ್ವರಾಜ್ಯ ವರ್ತಮಾನಗಳು, ನೂತನವಾದ ಆಶ್ಚರ್ಯ ಸುದ್ದಿಗಳು, ಸುಬುದ್ಧಿಗಳು, ಕಥೆಗಳು.

ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. “ಟೀಚರ್, ವರ್ತಮಾನ ಅಂದ್ರೆ ವರ್ತಮಾನ ಕಾಲ ಅಲ್ವಾ? ಊರ ವರ್ತಮಾನ ಅಂದ್ರೆ ಊರು ಈಗ ಹೇಗುಂಟು ಅಂತಲಾ?” ಸುದ್ದಿ ಅಂತ ಅರ್ಥ ಮಗಾ ಅಂದೆ. ಕೂಡಲೇ ಮುಂದಿನ ಪ್ರಶ್ನೆ: “ಹಾಗಾದ್ರೆ ಕೆಳಗೆ ಆಶ್ಚರ್ಯ ಸುದ್ದಿ ಅಂತ ಬೇರೆ ಯಾಕೆ ಬರೆದಿದ್ದಾರೆ? ಪತ್ರಿಕೆಯ ಹೆಸರಲ್ಲಿ ಸಮಾಚಾರ ಅಂತ ಯಾಕೆ?”

ಒಂದೇ ಪತ್ರಿಕೆಯಲ್ಲಿ ಮೂರು ಶಬ್ದ. ಮೂರೂ ಒಂದೇನಾ, ಬೇರೆ ಬೇರೆಯಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಮಕ್ಕಳಿಗೆ ಅರೆಬರೆ ಉತ್ತರ ಕೊಡಲು ಮನಸ್ಸಿಲ್ಲ.

ಹಳೇ ಕಡತ

ಮೇಡಂ, ಆ ಹುಡುಗಿಗೆ ನನ್ನ ಪರವಾಗಿ ಶಭಾಷ್ ಹೇಳಿ.

ಆ ಕಾಲದ ಪತ್ರಿಕೆಯಲ್ಲಿ ವರ್ತಮಾನ ಅಂದರೆ ಎಲ್ಲೋ ನಡೆದು ನಮಗೆ ತಿಳಿದುಬಂದ ಸಂಗತಿ. ಈಗ, ಇಂದು ಅನ್ನುವ ಕಾಲದ ಮಾತು ಅದರಲ್ಲಿಲ್ಲ. ಹಳೆಯ ಬರಹ ಓದುವಾಗ ಯಾವುದಾದರೂ ಶಬ್ದದ ಅರ್ಥ ಅನುಮಾನವಾದರೆ ನಾನು ಅದರ ಪಕ್ಕದ ಕ್ರಿಯಾಪದ ನೋಡುತ್ತೇನೆ. ವರ್ತಮಾನ ‘ಬರುತ್ತಿತ್ತು’, ‘ಮುಟ್ಟುತ್ತಿತ್ತು’, ವರ್ತಮಾನ ‘ಹೇಳಿ ಕಳಿಸುತ್ತಿದ್ದರು’. ಇವತ್ತು ನಾವು ಬರೆಯುವ ವರ್ತಮಾನಕ್ಕೆ ಈ ಯಾವ ಕ್ರಿಯಾಪದವೂ ಹತ್ತುವುದಿಲ್ಲ. ಇವತ್ತಿನ ವರ್ತಮಾನ ‘ತಲ್ಲಣಿಸುತ್ತದೆ’, ಅದಕ್ಕೆ ನಾವು ‘ಮುಖಾಮುಖಿಯಾಗುತ್ತೇವೆ’. ಅಕ್ಷರ ಅವೇ ಆದರೂ ಇವು ಎರಡು ಶಬ್ದಗಳೇ ಅನ್ನಬೇಕು.

ಊರ ವರ್ತಮಾನ ಅಂದರೆ ಮಂಗಳೂರು ಸೀಮೆಯ ಸುದ್ದಿ. ಸರ್ವರಾಜ್ಯ ವರ್ತಮಾನ ಅನ್ನುವಲ್ಲಿ ಇನ್ನೊಂದು ಶಬ್ದದ ಮೇಲೂ ಮಕ್ಕಳು ಎಡವಬಹುದು. ರಾಜ್ಯ ಅಂದ ಕೂಡಲೇ ಅವರಿಗೆ ಕರ್ನಾಟಕ, ಕೇರಳ, ಗೋವಾ ಕಣ್ಣಿಗೆ ಬರುತ್ತವೆ. 1843ರಲ್ಲಿ ಮಂಗಳೂರು ಇದ್ದದ್ದು ಮದರಾಸು ಪ್ರಾಂತದ ಕೆನರಾ ಜಿಲ್ಲೆಯಲ್ಲಿ, ಕಂಪನಿ ಸರಕಾರದ ಕೆಳಗೆ. ಘಟ್ಟದ ಮೇಲೆ ಮೈಸೂರಿನಲ್ಲಿ ಅರಸರು ಇದ್ದರೂ ಆಡಳಿತವೆಲ್ಲ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿತ್ತು. ಆಗ ರಾಜ್ಯ ಅಂದರೆ ದೇಶ, ಅರಸೊತ್ತಿಗೆ. ಸರ್ವರಾಜ್ಯ ವರ್ತಮಾನ ಅಂದರೆ ಲೋಕದ ಎಲ್ಲ ದೇಶಗಳ ಸುದ್ದಿ. ನಾಲ್ಕು ವರ್ಷ ಕಳೆದ ಮೇಲೆ, 1847ರಲ್ಲಿ, ಅದೇ ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್ ತಲಶ್ಶೇರಿಯಿಂದ ಮಲಯಾಳದಲ್ಲಿ ಪತ್ರಿಕೆ ಹೊರಡಿಸಿದಾಗ ಇಟ್ಟ ಹೆಸರು ‘ರಾಜ್ಯಸಮಾಚಾರಂ’. ಅಲ್ಲಿಯೂ ರಾಜ್ಯಕ್ಕೆ ಇದೇ ಅರ್ಥ.

ನಿರೂಪ ಅಂದರೆ ಅಪ್ಪಣೆ, ಹುಕುಂ. ಮೈಸೂರು ಅರಮನೆಯ ಕಾಗದಗಳನ್ನು ನೋಡಿದವರಿಗೆ ಇದು ದಿನಬಳಕೆಯ ಮಾತು. ಈಗ ನಿರೂಪಕಿ, ನಿರೂಪಣೆ ಅಂತ ಟೀವಿ ಕಾರ್ಯಕ್ರಮಕ್ಕೆ ಹೋಗಿ ಸೇರಿಕೊಂಡಿದೆ.

ಭಿತ್ತಿಪತ್ರಿಕೆಯಲ್ಲಿ ಒಂದು ಮಾತು ಮರೆಯದೆ ಹಾಕಿಸಿ. ಆಗ ತಂತಿ ಇಲ್ಲ, ರೈಲು ಇಲ್ಲ. ಇಂಗ್ಲೆಂಡಿನ ಟಪಾಲು ಹಡಗಿನಲ್ಲಿ ಈಜಿಪ್ಟ್‌ವರೆಗೆ ಬಂದು, ನೆಲದ ಮೇಲೆ ಸೂಯೆಜ್‌ಗೆ ದಾಟಿ, ಮತ್ತೆ ಹಡಗು ಹತ್ತಿ ಮುಂಬಯಿ ಸೇರಲು ಒಂದು ತಿಂಗಳ ಮೇಲೆ ಬೇಕು. ಅಲ್ಲಿಂದ ಮಂಗಳೂರಿಗೆ ಬರಬೇಕು, ಆಮೇಲೆ ಕಲ್ಲಿನ ಮೇಲೆ ಬರೆದು ಒತ್ತಬೇಕು. ಹಾಗಾಗಿ ‘ವರ್ತಮಾನ’ ಅಂತ ಅಚ್ಚಾದದ್ದೆಲ್ಲ ವ್ಯಾಕರಣದ ಲೆಕ್ಕದಲ್ಲಿ ಭೂತಕಾಲದ್ದು. ಓದುಗರಿಗೆ ಅದರಿಂದ ಏನೂ ತೊಡಕಾಗಲಿಲ್ಲ, ಯಾಕೆಂದರೆ ಅವರ ಕಿವಿಗೆ ಆ ಶಬ್ದದಲ್ಲಿ ಕಾಲ ಕೇಳಿಸುತ್ತಲೇ ಇರಲಿಲ್ಲ.

ಸಾಧನಕೇರಿ

ನಮ್ಮ ಧಾರವಾಡದ ಕಡಿ ಈ ಶಬ್ದ ಭಾಳ ದಿನ ಉಳಕೊಂಡಿತ್ರೀ. ನಮ್ಮ ಅಜ್ಜಾರು ಪೇಪರಿಗೆ ‘ವರ್ತಮಾನಪತ್ರ’ ಅಂತಿದ್ರು. “ವರ್ತಮಾನಪತ್ರ ಬಂತೇನು ನೋಡು” ಅಂತ ಬೆಳಿಗ್ಗೆ ಎದ್ದಕೂಡ್ಲೆ ಕೇಳವ್ರು. ಮರಾಠಿಯೊಳಗ ಇವತ್ತಿಗೂ ಅದೇ ಶಬ್ದ, ವರ್ತಮಾನಪತ್ರ ಅಂದ್ರ ದಿನಪತ್ರಿಕೆ. ಮುಂಬಯಿ ಪ್ರಾಂತದೊಳಗ ಇದ್ದ ನಮಗ ಸಾಲಿ, ಕಚೇರಿ, ಪೇಪರ್ ಎಲ್ಲಾದ್ರೊಳಗೂ ಮರಾಠಿ ಸೋಂಕು ಇತ್ತು.

ಸುದ್ದಿಗೆ ‘ಬಾತ್ಮಿ’, ಸುದ್ದಿ ಕಳಸವ್ಗ ‘ಬಾತ್ಮೀದಾರ’. ಇದು ಪೂರಾ ಮರಾಠಿಯಿಂದ ಬಂದದ್ದು. “ನಮ್ಮ ಬಾತ್ಮೀದಾರರಿಂದ” ಅಂತ ಸುದ್ದಿ ಮ್ಯಾಲೆ ಹಾಕಿದ್ದು ನಾನೂ ಓದೇನಿ. ಈಗ ವರದಿಗಾರ ಅಂತಾರ. ಆ ‘ವರದಿ’ನೂ ‘ವರ್ದಿ’ ಅಂತ ಮರಾಠಿಯೊಳಗ ಐತಿ ನೋಡ್ರಿ, ಅಲ್ಲೂ ಅದಕ್ಕ ತಿಳಿಸೂದು ಅಂತನ ಅರ್ಥ. ಧಾರವಾಡದಿಂದ ‘ಕರ್ನಾಟಕ ವೃತ್ತ’ ಅಂತ ವಾರಪತ್ರಿಕೆ ಬರ್ತಿತ್ತು. ಅಲ್ಲಿ ವೃತ್ತ ಅಂದ್ರ ಸರ್ಕಲ್ ಅಲ್ಲ, ಸುದ್ದಿ. ಅದನ್ನೂ ನಿಮ್ಮ ಮಕ್ಕಳಿಗೆ ಹೇಳ್ರಿ ಮೇಡಂ.

ಶಬ್ದಪಾರಾಯಣ

ಮೇಲಿನವರು ಹೇಳಿದ ವೃತ್ತದಿಂದಲೇ ಮುಂದುವರಿಸುತ್ತೇನೆ. ನಾನು ಸಂಸ್ಕೃತ ಪಾಠ ಹೇಳುವವನು.

ಸಂಸ್ಕೃತದಲ್ಲಿ ‘ವೃತ್’ ಎಂಬ ಧಾತು ಇದೆ. ತಿರುಗು, ಇರು, ನಡೆ, ಸಂಭವಿಸು ಎಂದೆಲ್ಲ ಅರ್ಥ. ಅದರಿಂದ ‘ವೃತ್ತ’ ಎಂದರೆ ನಡೆದದ್ದು, ‘ವರ್ತಮಾನ’ ಎಂದರೆ ನಡೆಯುತ್ತಿರುವುದು. ‘ವೃತ್ತಾಂತ’, ‘ವಾರ್ತೆ’, ‘ಪ್ರವೃತ್ತಿ’ ಎಲ್ಲವೂ ಅದೇ ಬೇರಿನವು. ಪ್ರವೃತ್ತಿಗೂ ಸುದ್ದಿ ಎಂಬ ಅರ್ಥ ಉಂಟು. ಮೇಘದೂತದ ಯಕ್ಷ ಮೋಡದ ಕೈಯಲ್ಲಿ ಹೆಂಡತಿಗೆ ಕಳಿಸಲು ಬಯಸುವುದು ತನ್ನ ಕುಶಲದ ‘ಪ್ರವೃತ್ತಿ’ಯನ್ನೇ.

ಅಂದರೆ ಪತ್ರಿಕೆಗಳು ಹುಟ್ಟಿದಾಗ ‘ನಡೆಯುವುದು’ ಎಂಬ ಒಂದೇ ಧಾತುವಿನ ಮಕ್ಕಳೆಲ್ಲ ಕೆಲಸಕ್ಕೆ ಬಂದರು. ಸಮಾಚಾರ ಮಾತ್ರ ಬೇರೆ ಮನೆಯದು, ‘ಚರ್’ ಧಾತುವಿನದು. ಸುದ್ದಿ ನಮ್ಮ ತದ್ಭವ, ‘ಶುದ್ಧಿ’ಯಿಂದ ಬಂದದ್ದು.

‘ವರ್ತಮಾನ ಕಾಲ’ ಹೊಸದಾಗಿ ಬಂತು ಎಂದು ಯಾರೂ ತಿಳಿಯಬಾರದು. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಕನ್ನಡ ಕ್ರಿಯಾಪದಗಳಿಗೆ ಭೂತ, ಭವಿಷ್ಯತ್, ವರ್ತಮಾನ ಎಂದು ವಿಭಾಗ ಹೇಳಿದ್ದಾನೆ. ವ್ಯಾಕರಣ ಓದಿದವರ ವರ್ತಮಾನ ಒಂದು, ಬೀದಿಯ ವರ್ತಮಾನ ಇನ್ನೊಂದು. ಎರಡೂ ಒಟ್ಟಿಗೇ ಬದುಕಿದ್ದವು.

ಚಂದ್ರಗಿರಿ ಹೊಳೆ

ಕಾಸರಗೋಡಿನವರಿಗೆ ಈ ಶಬ್ದ ಇನ್ನೂ ಜೀವಂತ ಉಂಟು, ಆದರೆ ಇನ್ನೊಂದು ಭಾಷೆಯಲ್ಲಿ. ಮಲಯಾಳದಲ್ಲಿ ‘ವರ್ತಮಾನಂ ಪರಯುಗ’ ಅಂದರೆ ಮಾತಾಡುತ್ತಾ ಕೂತುಕೊಳ್ಳುವುದು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ನಿಂತು ಮಾತಾಡಿದರೂ ವರ್ತಮಾನವೇ. ‘ಎಂದಾ ವರ್ತಮಾನಂ?’ ಅಂದರೆ ನಮ್ಮ ‘ಏನು ಸಮಾಚಾರ?’ ಇದ್ದ ಹಾಗೆ. ನಮ್ಮ ಮನೆಯಲ್ಲಿ ಹವ್ಯಕ ಮಾತಾಡುವ ಹಿರಿಯರು “ಎಂತ ವರ್ತಮಾನ?” ಅಂತ ಕೇಳಿದ್ದು ನನಗೆ ನೆನಪುಂಟು.

ಬಾಯಿಯಿಂದ ಬಾಯಿಗೆ ಹೋಗುವ ವಿಷಯಕ್ಕೆ ಮೊದಲೇ ವರ್ತಮಾನ ಅಂತ ಹೆಸರಿತ್ತು, ಮೋಗ್ಲಿಂಗ್ ಅದನ್ನೇ ಎತ್ತಿ ಪತ್ರಿಕೆಗೆ ಹಾಕಿಕೊಂಡರು ಅಂತ ನನ್ನ ತಿಳಿವಳಿಕೆ. ಪಂಡಿತರಿಂದ ಹೊಸ ಶಬ್ದ ಮಾಡಿಸಿದ್ದಲ್ಲ.

ಮೊಳೆ ಜೋಡಿಸಿದವ

ನನಗೆ ಇನ್ನೊಂದು ಕಾಣುತ್ತದೆ. ಊರಿನದ್ದು ವರ್ತಮಾನ, ದೇಶದೇಶಗಳದ್ದು ವರ್ತಮಾನ, ಆಶ್ಚರ್ಯದ್ದು ಮಾತ್ರ ಸುದ್ದಿ. ಇದು ಸುಮ್ಮನೆ ಆದದ್ದಲ್ಲ. ವರ್ತಮಾನ ಅಂದರೆ ನಂಬಬಹುದಾದದ್ದು, ಸುದ್ದಿ ಅಂದರೆ ಹಾಗಂತೆ ಹೀಗಂತೆ ಅನ್ನುವಂಥದ್ದು. ಈಗಲೂ ‘ಸುದ್ದಿ ಹಬ್ಬಿಸಬೇಡ’ ಅನ್ನುತ್ತೇವೆ, ‘ಅವರ ಸುದ್ದಿಗೆ ಹೋಗಬೇಡ’ ಅನ್ನುತ್ತೇವೆ. ‘ಗಾಳಿಸುದ್ದಿ’ ಇದೆ, ‘ಗಾಳಿವರ್ತಮಾನ’ ಯಾರೂ ಹೇಳಿದ್ದಿಲ್ಲ.

ಶಬ್ದಪಾರಾಯಣ

ಒಪ್ಪುವುದು ಕಷ್ಟ. ಸುದ್ದಿಯ ಮೂಲ ಶುದ್ಧಿ. ಶೋಧಿಸಿ, ವಿಚಾರಿಸಿ ತಿಳಿದದ್ದು ಎಂಬ ಭಾವ ಅದರೊಳಗಿದೆ. ಹುಟ್ಟನ್ನು ನೋಡಿದರೆ ನಂಬಿಕೆಗೆ ಯೋಗ್ಯವಾದ ಶಬ್ದ ಸುದ್ದಿಯೇ.

ಮೊಳೆ ಜೋಡಿಸಿದವ

ಗುರುಗಳೇ, ಹುಟ್ಟು ಬೇರೆ, ಬಳಕೆ ಬೇರೆ. ಶುದ್ಧಿಯಿಂದ ಬಂತು ಅಂತ ಹೇಳಿ ಇವತ್ತಿನ ಸುದ್ದಿಗೆ ಮಡಿ ಉಡಿಸಲು ಆಗುತ್ತದೆಯೇ?

ಹಳೇ ಕಡತ

ಇಬ್ಬರ ಮಾತಿಗೂ ಅರ್ಧ ಅರ್ಧ ಸೇರುತ್ತೇನೆ. ನಂಬಿಕೆಯ ಏಣಿ ಕಟ್ಟಿ ವರ್ತಮಾನವನ್ನು ಮೇಲಿನ ಮೆಟ್ಟಿಲಿಗೆ, ಸುದ್ದಿಯನ್ನು ಕೆಳಗಿನ ಮೆಟ್ಟಿಲಿಗೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಅದನ್ನು ಗಟ್ಟಿಯಾಗಿ ಒಡೆಯುವ ಸಾಕ್ಷಿ ಮಂಗಳೂರಿನದ್ದೇ ಇದೆ. 1860ರ ದಶಕದಲ್ಲಿ ಕಿಟ್ಟೆಲ್ ನೋಡಿಕೊಂಡ ಪತ್ರಿಕೆಯ ಹೆಸರು ‘ವಿಚಿತ್ರ ವರ್ತಮಾನ ಸಂಗ್ರಹ’. ಮೋಗ್ಲಿಂಗ್ ‘ಆಶ್ಚರ್ಯ ಸುದ್ದಿ’ ಅಂದಲ್ಲಿ ಕಿಟ್ಟೆಲ್ ‘ವಿಚಿತ್ರ ವರ್ತಮಾನ’ ಅನ್ನುತ್ತಾರೆ. ಒಂದೇ ಮಿಶನ್, ಒಂದೇ ಊರು. ಆಶ್ಚರ್ಯಕ್ಕೆ ಸುದ್ದಿಯೇ ಆಗಬೇಕು ಅನ್ನುವ ಕಟ್ಟುಪಾಡು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಮುಂದೆ 1894ರಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟವರು ಅವರೇ. ಶಬ್ದವನ್ನು ಅಜಾಗರೂಕತೆಯಿಂದ ಇಡುವ ಮನುಷ್ಯರಲ್ಲ.

ನನಗೆ ಕಾಣುವ ವ್ಯತ್ಯಾಸ ಬೇರೆ ಕಡೆ ಇದೆ. ವರ್ತಮಾನಕ್ಕೆ ಒಂದು ಸ್ಥಳ ಬೇಕು. ಊರ ವರ್ತಮಾನ, ಸರ್ವರಾಜ್ಯ ವರ್ತಮಾನ. ಎಲ್ಲಿಂದ ಬಂತು ಅನ್ನುವುದೇ ಅದರ ಗುರುತು. ಸುದ್ದಿಗೆ ಸ್ಥಳದ ಹಂಗಿಲ್ಲ, ಅದು ಎಂಥದ್ದು ಅನ್ನುವುದು ಮುಖ್ಯ: ನೂತನವಾದದ್ದು, ಆಶ್ಚರ್ಯದ್ದು. ಕಿಟ್ಟೆಲ್ ಇಟ್ಟ ಹೆಸರು ಇದಕ್ಕೂ ಸ್ವಲ್ಪ ಅಡ್ಡ ಬರುತ್ತದೆ, ನಿಜ. ಆದ್ದರಿಂದ ಇದನ್ನು ನಿಯಮ ಅನ್ನುತ್ತಿಲ್ಲ, ಒಲವು ಅನ್ನುತ್ತಿದ್ದೇನೆ. ಮನೆಮಾತಿನಲ್ಲೂ ಹಾಗೇ ಇತ್ತಲ್ಲ, “ತವರಿಂದ ವರ್ತಮಾನ ಬಂತು” ಅನ್ನುವಾಗ ‘ತವರಿಂದ’ ಅನ್ನುವುದಕ್ಕೇ ಹೆಚ್ಚು ತೂಕ.

ಕೋಟೆ ಕೆಳಗಿನ ಬಳ್ಳಾರಿ

ಬಳ್ಳಾರಿಯವನಾಗಿ ಒಂದೆರಡು ಮಾತು. ‘ಮಂಗಳೂರ ಸಮಾಚಾರ’ ಒಂದು ವರ್ಷವೂ ತುಂಬುವ ಮೊದಲೇ, 1844ರಲ್ಲಿ, ನಮ್ಮೂರಿಗೆ ಬಂತು. ಇಲ್ಲಿ ಅಚ್ಚುಮೊಳೆಯ ಮುದ್ರಣ ಇತ್ತು, ಮಂಗಳೂರಿನಲ್ಲಿ ಆಗ ಕಲ್ಲಚ್ಚು ಮಾತ್ರ. ಇಲ್ಲಿಗೆ ಬಂದ ಮೇಲೆ ಅದರ ಹೆಸರು ‘ಕನ್ನಡ ಸಮಾಚಾರ’ ಆಯಿತು. ಒಂದು ಊರಿನ ಹೆಸರು ಬಿಟ್ಟು ಇಡೀ ಭಾಷೆಯ ಹೆಸರು ಹೊತ್ತ ಆ ಬದಲಾವಣೆ ನನಗೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಪತ್ರಿಕಾ ದಿನದ ಭಾಷಣಗಳಲ್ಲಿ ಬಳ್ಳಾರಿಯ ಹೆಸರು ಬರುವುದೇ ಇಲ್ಲ, ಅದು ನನ್ನ ಕೊರಗು.

ಇನ್ನು ವರ್ತಮಾನ. ನಮ್ಮಲ್ಲಿ ತೆಲುಗು ಮನೆಮನೆಯಲ್ಲಿದೆ. ತೆಲುಗಿನಲ್ಲಿ ಇದು ಇನ್ನೂ ಹಳೆಯದು: 1842ರಲ್ಲಿ ಮದರಾಸಿನಿಂದ ಸೈಯದ್ ರಹಮತುಲ್ಲಾ ಅವರು ನಡೆಸಿದ ವಾರಪತ್ರಿಕೆ ‘ವರ್ತಮಾನ ತರಂಗಿಣಿ’. ಮಂಗಳೂರ ಸಮಾಚಾರಕ್ಕಿಂತ ಒಂದು ವರ್ಷ ಮೊದಲು. ತಮಿಳಿನಲ್ಲಿ 1855ರಲ್ಲಿ ಪರ್ಸಿವಲ್ ಪಾದ್ರಿಯವರ ‘ದಿನವರ್ತಮಾನಿ’ ಬಂತು. ಗುಜರಾತಿಯಲ್ಲೂ 1849ರಲ್ಲಿ ಅಹಮದಾಬಾದಿನಿಂದ ಹೊರಟ ಪತ್ರಿಕೆಗೆ ‘ವರ್ತಮಾನ’ ಅಂತಲೇ ಹೆಸರು. ಅಂದರೆ 1840, 50ರ ದಶಕದಲ್ಲಿ ಮದರಾಸಿನಿಂದ ಅಹಮದಾಬಾದಿನವರೆಗೆ ಪತ್ರಿಕೆ ಮಾಡಲು ಹೊರಟವರಿಗೆಲ್ಲ ಮೊದಲು ಕೈಗೆ ಸಿಕ್ಕ ಶಬ್ದಗಳಲ್ಲಿ ಇದೊಂದು.

ಇನ್ನೊಂದು ಸಾಕ್ಷಿ ಕೊಡುತ್ತೇನೆ, ನನ್ನ ಅಜ್ಜಿಯ ಪುಸ್ತಕದಿಂದ. ತೆಲುಗು ಬೈಬಲ್ಲಿನಲ್ಲಿ ಕುರುಬರಿಗೆ ದೇವದೂತ ಹೇಳುವುದು ‘ಸುವರ್ತಮಾನಮು’. ಅದೇ ವಾಕ್ಯ ಕನ್ನಡ ಬೈಬಲ್ಲಿನಲ್ಲಿ ‘ಶುಭಸಮಾಚಾರ’. ಅದೇ ಬೈಬಲ್ಲಿನಲ್ಲಿ ಅರಸರ ಚರಿತ್ರೆ ಹೇಳುವ ಭಾಗಕ್ಕೆ ‘ಪೂರ್ವಕಾಲವೃತ್ತಾಂತ’ ಅಂತ ಹೆಸರು. ಪತ್ರಿಕೆ, ಧರ್ಮಗ್ರಂಥ ಎರಡಕ್ಕೂ ಒಂದೇ ಪೆಟ್ಟಿಗೆಯ ಶಬ್ದಗಳು.

ನೇತ್ರಾವತಿ ತೀರ

ಎಷ್ಟೊಂದು ಸಿಕ್ಕಿತು! ಎಲ್ಲರಿಗೂ ಮನಸಾರೆ ವಂದನೆ. ಈಗ ಮುಂದಿನ ಪ್ರಶ್ನೆ ನನ್ನದೇ. ಇಷ್ಟು ಗಟ್ಟಿಯಾಗಿ ಬೇರೂರಿದ್ದ ಶಬ್ದ ಪತ್ರಿಕೆಗಳಿಂದ ಹೋದದ್ದು ಹೇಗೆ? ಈಗ ಪೇಪರಿನಲ್ಲಿ ‘ಜಿಲ್ಲಾ ವರ್ತಮಾನ’ ಅಂತ ಯಾರೂ ಹಾಕುವುದಿಲ್ಲವಲ್ಲ.

ಹಳೇ ಕಡತ

ಇದರ ಬಗ್ಗೆ ಬಹಳ ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ, ಉದ್ದವಾಗುತ್ತದೆ.

ಮೊದಲು ಪತ್ರಿಕೆಗಳ ಹೆಸರನ್ನೇ ಸಾಲಾಗಿ ಓದಿಕೊಳ್ಳಿ. ಹತ್ತೊಂಬತ್ತನೆಯ ಶತಮಾನದವು: ಮಂಗಳೂರ ಸಮಾಚಾರ, ವಿಚಿತ್ರ ವರ್ತಮಾನ ಸಂಗ್ರಹ, ಮೈಸೂರು ವೃತ್ತಾಂತ ಬೋಧಿನಿ, ಕರ್ಣಾಟಕ ಪ್ರಕಾಶಿಕೆ, ವೃತ್ತಾಂತ ಚಿಂತಾಮಣಿ. ಇಪ್ಪತ್ತನೆಯ ಶತಮಾನದ ಮೊದಲ ಕೆಲವು ದಶಕಗಳವು: ಸ್ವದೇಶಾಭಿಮಾನಿ, ಕರ್ಮವೀರ, ವಿಶ್ವಕರ್ನಾಟಕ, ತಾಯಿನಾಡು, ಸಂಯುಕ್ತ ಕರ್ನಾಟಕ. ಮೊದಲ ಸಾಲಿನ ಹೆಚ್ಚಿನವು ‘ನಾವು ಸುದ್ದಿ ತಂದಿದ್ದೇವೆ’ ಅನ್ನುತ್ತವೆ. ಎರಡನೆಯ ಸಾಲಿನವು ‘ನಾವು ಇಂಥವರು, ನಮ್ಮ ಪಕ್ಷ ಇದು’ ಅನ್ನುತ್ತವೆ. ಮೈಸೂರಿನಲ್ಲಿ ವೃತ್ತಾಂತ ಚಿಂತಾಮಣಿ ನಡೆಸಿದ ತಾತಯ್ಯ ವೆಂಕಟಕೃಷ್ಣಯ್ಯನವರೇ ಆಮೇಲೆ ಸಾಧ್ವಿ, ಸಂಪದಭ್ಯುದಯ ಅನ್ನುವ ಹೆಸರುಗಳಿಗೆ ಬಂದರು. ಪತ್ರಿಕೆ ಅಭಿಪ್ರಾಯದ ಬಲವಾಗಿ ಬೆಳೆದದ್ದಕ್ಕೇ ಮೈಸೂರು ಸರಕಾರ 1908ರಲ್ಲಿ ಪತ್ರಿಕೆಗಳನ್ನು ಬಿಗಿಯುವ ಕಾನೂನು ತಂದದ್ದು. ಹೆಸರಿನಿಂದ ವರ್ತಮಾನ, ವೃತ್ತಾಂತ ಎರಡೂ ಜಾರಿದ್ದು ಈ ಹೊತ್ತಿನಲ್ಲಿ. ಬಿಡಿ ಶಬ್ದವಾಗಿ ‘ವೃತ್ತಪತ್ರಿಕೆ’ ಮಾತ್ರ ಉಳಿಯಿತು. ಡಿ.ವಿ.ಜಿ. ತಮ್ಮ ವೃತ್ತಿಯ ಬಗ್ಗೆ ಬರೆದ ಪುಸ್ತಕಕ್ಕೆ ಅದನ್ನೇ ಹೆಸರಾಗಿ ಇಟ್ಟರು.

ಎರಡನೆಯದು ರೇಡಿಯೋ. ‘ಆಕಾಶವಾಣಿ’ ಅನ್ನುವ ಹೆಸರು 1935ರಲ್ಲಿ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ನಡೆಸಿದ ಕೇಂದ್ರದಿಂದ ಬಂದದ್ದು, ಅದು ನಮ್ಮ ಹೆಮ್ಮೆ. ಮುಂದೆ ಆಕಾಶವಾಣಿಯಲ್ಲಿ ನೆಲೆನಿಂತ ಶಬ್ದ ‘ವಾರ್ತೆಗಳು’. ರಾಜ್ಯದ ಸುದ್ದಿಗೆ ‘ಪ್ರದೇಶ ಸಮಾಚಾರ’. ದಿನವೂ ಲಕ್ಷಾಂತರ ಮನೆಯಲ್ಲಿ ಆ ಎರಡು ಶಬ್ದ ಕೇಳಿಸುತ್ತಾ ಹೋದರೆ ಮೂರನೆಯದಕ್ಕೆ ಜಾಗ ಎಲ್ಲಿ? ಸರಕಾರದ ಇಲಾಖೆಗೂ ‘ವಾರ್ತಾ’ ಅಂತಲೇ ಹೆಸರಾಯಿತು.

ಮೂರನೆಯದನ್ನೇ ನಾನು ದೊಡ್ಡ ಕಾರಣ ಅನ್ನುತ್ತೇನೆ: ಶಾಲೆ. ಎಲ್ಲ ಮಕ್ಕಳೂ ಶಾಲೆಗೆ ಹೋಗುವ ಕಾಲ ಬಂದಾಗ ಪ್ರತಿಯೊಬ್ಬರೂ ಈ ಶಬ್ದವನ್ನು ಮೊದಲು ನೋಡಿದ್ದು ವ್ಯಾಕರಣದ ಪುಸ್ತಕದಲ್ಲಿ. ಶಬ್ದಪಾರಾಯಣರು ಹೇಳಿದ ಎರಡು ವರ್ತಮಾನಗಳಲ್ಲಿ ಪಂಡಿತರದ್ದು ಗೆದ್ದಿತು. ನಿಮ್ಮ ವಿದ್ಯಾರ್ಥಿನಿಗೆ ಊರ ವರ್ತಮಾನ ಓದಿದ ಕೂಡಲೇ ಕಾಲ ನೆನಪಾದದ್ದು ಅದಕ್ಕೇ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಶಬ್ದ ಪತ್ರಿಕೆ ಬಿಟ್ಟು ಹೋಗಿಲ್ಲ. ಇವತ್ತಿನ ಯಾವ ಪತ್ರಿಕೆಯ ಅಂಕಣದ ಪುಟ ತೆಗೆದರೂ ‘ವರ್ತಮಾನದ ಬಿಕ್ಕಟ್ಟು’, ‘ವರ್ತಮಾನದ ತಲ್ಲಣ’ ಸಿಗುತ್ತದೆ. ಸುದ್ದಿಯ ಪುಟದಿಂದ ಎದ್ದು ಸಂಪಾದಕೀಯದ ಪುಟಕ್ಕೆ ಹೋಗಿ ಕೂತಿದೆ. ಹಿಂದೆ ಊರೂರಿನಿಂದ ಬರುತ್ತಿದ್ದದ್ದು ಈಗ ಎಲ್ಲರನ್ನೂ ಒಟ್ಟಿಗೆ ಸುತ್ತಿಕೊಂಡಿರುವ ಕಾಲ ಆಗಿದೆ. ಅದಕ್ಕೆ ಬಹುವಚನವೂ ಇಲ್ಲ. ಸರ್ವರಾಜ್ಯ ‘ವರ್ತಮಾನಗಳು’ ಇದ್ದವು, ಈಗ ‘ವರ್ತಮಾನ’ ಒಂದೇ.

ಕೋಚಿಂಗ್ ಹುಡುಗ

ಸರ್, ನಾನು ಕೆಎಎಸ್‌ಗೆ ಓದ್ತಾ ಇದ್ದೀನಿ. ನಮ್ಮ ಪರೀಕ್ಷೆಯಲ್ಲಿ ‘ಪ್ರಚಲಿತ ವಿದ್ಯಮಾನ’ ಅಂತ ಒಂದು ಭಾಗ ಇದೆ. ವಿದ್ಯಮಾನ ಕೂಡ ವರ್ತಮಾನದ ಥರದ್ದೇ ಶಬ್ದ ಅಲ್ವಾ?

ಶಬ್ದಪಾರಾಯಣ

ಅಪ್ಪಾ, ಬಹಳ ಚೆನ್ನಾಗಿ ಹಿಡಿದೆ. ಅಚ್ಚು ಅದೇ. ‘ವಿದ್ಯಮಾನ’ ಎಂದರೆ ಮೂಲದಲ್ಲಿ ‘ಇರುವ’, ‘ಅಸ್ತಿತ್ವದಲ್ಲಿರುವ’. ವರ್ತಮಾನದಂತೆ ಅದೂ ವಿಶೇಷಣವಾಗಿ ಹೊರಟು, ಕನ್ನಡದಲ್ಲಿ ‘ಘಟನೆ’ ಎಂಬ ನಾಮಪದವಾಯಿತು. ನೂರೈವತ್ತು ವರ್ಷದ ಹಿಂದೆ ಆಗಿದ್ದರೆ ನಿನ್ನ ಪರೀಕ್ಷೆಯ ಆ ಭಾಗದ ಹೆಸರು ಬಹುಶಃ ‘ವರ್ತಮಾನಗಳು’ ಎಂದೇ ಇರುತ್ತಿತ್ತು. ಒಂದು ಖಾಲಿ ಮಾಡಿದ ಜಾಗಕ್ಕೆ ಅದೇ ಬಗೆಯ ಇನ್ನೊಂದು ಬಂದು ಕೂತಿದೆ.

ಮೊಳೆ ಜೋಡಿಸಿದವ

ಹಳೇ ಕಡತ ಅವರ ಪಟ್ಟಿಗೆ ಅಚ್ಚುಕೂಟದ ಕಾರಣ ಒಂದನ್ನು ಸೇರಿಸುತ್ತೇನೆ. ಕೈಯಿಂದ ಮೊಳೆ ಜೋಡಿಸಿದವರಿಗೆ ಇದು ಗೊತ್ತು. ದಿನಪತ್ರಿಕೆಯ ಕಾಲಂ ಸಣ್ಣದು, ತಲೆಬರಹದ ಅಕ್ಷರ ದೊಡ್ಡದು. ‘ಸುದ್ದಿ’ ಎರಡೇ ಅಕ್ಷರ, ಅಗಲ ಕಡಿಮೆ. ‘ವಾರ್ತೆ’ಯೂ ಎರಡೇ. ‘ವರ್ತಮಾನ’ ನಾಲ್ಕು, ಅದರಲ್ಲಿ ಒಂದು ಅರ್ಕಾವೊತ್ತು ಬೇರೆ. ಒಂದು ಕಾಲಮ್ಮಿನ ತಲೆಬರಹದಲ್ಲಿ ಅದನ್ನು ಕೂರಿಸಿದರೆ ಬೇರೆ ಶಬ್ದಕ್ಕೆ ಜಾಗವೇ ಉಳಿಯುವುದಿಲ್ಲ. ರಾತ್ರಿ ಪುಟ ಕಟ್ಟುವ ಹೊತ್ತಿನಲ್ಲಿ ಯಾರೂ ಅರ್ಥಶುದ್ಧಿ ನೋಡುವುದಿಲ್ಲ, ಹಿಡಿಸುತ್ತದೋ ಇಲ್ಲವೋ ನೋಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಕಲ್ಲಿನ ಮೇಲೆ ಕೈಬರಹದಲ್ಲಿ ಬರೆಯುವ ಪತ್ರಿಕೆಗೆ ಆ ಅವಸರ ಇರಲಿಲ್ಲ.

ಸಾಧನಕೇರಿ

‘ತಂತಿ ವರ್ತಮಾನ’ ಯಾರೂ ಹೇಳ್ಲೇ ಇಲ್ಲಲ್ರೀ. 1850ರ ದಶಕದಾಗ ನಮ್ಮ ದೇಶಕ್ಕ ತಂತಿ ಬಂತು. ಟೆಲಿಗ್ರಾಮಿಗೆ ನಮ್ಮ ಹಿರ್ಯಾರು ತಂತಿ ವರ್ತಮಾನ ಅಂತಿದ್ರು. ಪೇಪರಿಗೂ ದೂರದ ಸುದ್ದಿ ಅದರಿಂದನ ಬರ್ತಿತ್ತು. 2013ರ ಜುಲೈದಾಗ ತಾರು ಸೇವಾ ಬಂದ್ ಆತು. ಆವಾಗ ಪೇಪರ್‌ನವರು ಬರದದ್ದು ‘ಟೆಲಿಗ್ರಾಂ ಇತಿಹಾಸಕ್ಕೆ’ ಅಂತ. ತಂತಿ ವರ್ತಮಾನ ಅನ್ನೂ ಶಬ್ದ ನಾ ಕಂಡ ಯಾವ ಪೇಪರಿನಾಗೂ ಇರ್ಲಿಲ್ಲ. ನನಗ ಭಾಳ ಕೆಟ್ಟ ಅನಿಸ್ತು.

ನೆಕ್ಕರ್ ದಂಡೆ

ಜರ್ಮನಿಯ ಟ್ಯೂಬಿಂಗೆನ್ ಹತ್ತಿರದಿಂದ ಬರೆಯುತ್ತಿದ್ದೇನೆ. ಮೋಗ್ಲಿಂಗ್ ಓದಿದ ಊರು ಇದು, 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಇಲ್ಲಿನ ವಿಶ್ವವಿದ್ಯಾಲಯವೇ. ಗುಂಡರ್ಟ್ ಸಂಗ್ರಹದ ಹಳೆಯ ಪುಸ್ತಕ, ಪತ್ರಿಕೆಗಳನ್ನು ಈ ವಿಶ್ವವಿದ್ಯಾಲಯ ಡಿಜಿಟಲ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಮಂಗಳೂರಿನವರಿಗೆ ಅಷ್ಟು ದೂರ ನೋಡುವ ಅಗತ್ಯವೂ ಇಲ್ಲ, ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಗಳಿವೆ.

ಹುಡುಕುವವರಿಗೆ ಒಂದು ಸೂಚನೆ. ಯಂತ್ರದ ಹುಡುಕಾಟದಲ್ಲಿ ‘ವರ್ತಮಾನ’ ಅಂತ ಮಾತ್ರ ಹಾಕಿದರೆ ಬಹಳಷ್ಟು ತಪ್ಪಿಹೋಗುತ್ತದೆ. ಹಳಬರು ರೇಫದ, ಅಂದರೆ ‘ರ್’ ಅಕ್ಷರದ, ನಂತರದ ವ್ಯಂಜನವನ್ನು ಇಮ್ಮಡಿಸಿ ಬರೆಯುತ್ತಿದ್ದರು: ವರ್ತ್ತಮಾನ, ಧರ್ಮ್ಮ, ಕರ್ನ್ನಾಟಕ. ಎರಡೂ ರೂಪದಲ್ಲಿ ಹುಡುಕಿ. ಕಲ್ಲಚ್ಚಿನ ಪುಟವಾದರೆ ಅಕ್ಷರ ಗುರುತಿಸುವ ತಂತ್ರಾಂಶವನ್ನು ನಂಬಲೇ ಬೇಡಿ, ಅದು ಕೈಬರಹ. ಕಣ್ಣಿನಿಂದಲೇ ಓದಬೇಕು. ನಿಧಾನ, ಆದರೆ ಹಾಗೆ ಓದುವಾಗಲೇ ಪಕ್ಕದ ಶಬ್ದಗಳೂ ಕಣ್ಣಿಗೆ ಬೀಳುತ್ತವೆ.

ಚಂದ್ರಗಿರಿ ಹೊಳೆ

ಮಕ್ಕಳನ್ನು ಬಲ್ಮಠಕ್ಕೆ ಕರ್ಕೊಂಡು ಹೋಗಿ ಮೇಡಂ. ಮೊದಲೇ ಪತ್ರ ಬರೆದು ಒಪ್ಪಿಗೆ ಕೇಳಿದರೆ ಒಳ್ಳೆಯದು.

ನೇತ್ರಾವತಿ ತೀರ

ಹೆಡ್ ಮೇಷ್ಟ್ರ ಹತ್ತಿರ ಮಾತಾಡಿದ್ದೇನೆ, ಪತ್ರ ಬರೆಯುತ್ತೇವೆ.

ಭಿತ್ತಿಪತ್ರಿಕೆಯನ್ನು ಹೀಗೆ ಮಾಡಬೇಕು ಅಂತ ಮಕ್ಕಳೇ ತೀರ್ಮಾನ ಮಾಡಿದರು. ವಿಭಾಗಗಳ ಹೆಸರನ್ನು ಈಗಿನ ಕನ್ನಡಕ್ಕೆ ಬದಲಾಯಿಸುವುದಿಲ್ಲ, ಊರ ವರ್ತಮಾನ ಅಂತಲೇ ಇರುತ್ತದೆ. ಅದರ ಕೆಳಗೆ ನಮ್ಮ ಊರಿನ ಈ ಹದಿನೈದು ದಿನದ ಸುದ್ದಿ: ಸೇತುವೆ ಕೆಲಸ, ಮಳೆಗೆ ಬಿದ್ದ ಮರ, ಹೊಸ ಅಂಗನವಾಡಿ. ಸರಕಾರದ ನಿರೂಪಗಳ ಕೆಳಗೆ ಪಂಚಾಯತಿನ ನೋಟೀಸು. ಸರ್ವರಾಜ್ಯ ವರ್ತಮಾನಕ್ಕೆ ಮಕ್ಕಳು ಮನೆಯಲ್ಲಿ ಕೇಳಿ ಬರುತ್ತಾರೆ, ಹೆಚ್ಚಿನವರ ಅಪ್ಪ, ಮಾವ ಗಲ್ಫಿನಲ್ಲಿದ್ದಾರೆ. ಮಸ್ಕತ್ತಿನಿಂದ ಒಂದು, ದಮ್ಮಾಮಿನಿಂದ ಎರಡು ವರ್ತಮಾನ ಈಗಾಗಲೇ ಬಂದಿವೆ. ಬಳ್ಳಾರಿಯ ಅಣ್ಣನ ಮಾತಿನಂತೆ ‘ಕನ್ನಡ ಸಮಾಚಾರ’ಕ್ಕೂ ಒಂದು ಚೌಕ ಬಿಟ್ಟಿದ್ದೇವೆ.

ಪ್ರಶ್ನೆ ಕೇಳಿದ ಹುಡುಗಿಗೆ ಆಶ್ಚರ್ಯ ಸುದ್ದಿಗಳ ವಿಭಾಗ ಬೇಕಂತೆ. ಕೊಟ್ಟಿದ್ದೇನೆ.